ಕರಡಿಗೆ ರಿಯಾಯಿತಿ ಉಂಟು, ಕಳ್ಳಿಗೆ ಇಲ್ಲ

ನಿಮಗಿದು ಗೊತ್ತೇ?

ಗಾಲ್ಫ್ ನಿಯಮಾವಳಿಯಲ್ಲಿ ಕರಡಿಯ ಹೆಸರಿದೆ. ನಿಯಮ 16.2 ತೆಗೆದು ನೋಡಿ. ನೀವು ಹೊಡೆದ ಚೆಂಡು ವಿಷದ ಹಾವು, ಕುಟುಕುವ ಜೇನು, ಮೊಸಳೆ, ಬೆಂಕಿ ಇರುವೆ ಇಲ್ಲವೇ ಕರಡಿಯ ಹತ್ತಿರ ಹೋಗಿ ನಿಂತರೆ ಅಲ್ಲಿಯೇ ನಿಂತು ಆಡಬೇಕೆಂಬ ಬಲವಂತವಿಲ್ಲ. ದಂಡ ತೆರದೆ, ಅಪಾಯವಿಲ್ಲದ ಜಾಗದಲ್ಲಿ ಚೆಂಡು ಬಿಟ್ಟುಕೊಂಡು ಆಟ ಮುಂದುವರಿಸಬಹುದು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬೆಳಗಿನ ಜಾವ ವಾಕಿಂಗ್ ಹೋಗುವವರು ಇದನ್ನು ಓದಿದರೆ, ಬರೆದವನು ದುರ್ಗದವನೇ ಇರಬೇಕು ಅಂದುಕೊಂಡಾರು. ಆದರೆ ಅದೇ ನಿಯಮ ಮುಂದಿನ ಸಾಲಿನಲ್ಲಿ ಕೈ ಎತ್ತಿಬಿಡುತ್ತದೆ: ಕಳ್ಳಿ ಗಿಡದೊಳಗೆ ಚೆಂಡು ಸಿಕ್ಕಿಕೊಂಡರೆ ಈ ರಿಯಾಯಿತಿ ಇಲ್ಲ. ಮುಳ್ಳು ಚುಚ್ಚಿಸಿಕೊಂಡು ಆಡಿ, ಇಲ್ಲವೇ ಒಂದು ಹೊಡೆತದ ದಂಡ ತೆತ್ತು ಹೊರಗೆ ಬನ್ನಿ.

ಬಂಡೆಯ ವಿಷಯದಲ್ಲಿ ನಿಯಮ ಇನ್ನೂ ಸ್ವಾರಸ್ಯ. ನೆಲಕ್ಕೆ ಗಟ್ಟಿಯಾಗಿ ಹೂತುಕೊಳ್ಳದ ಕಲ್ಲನ್ನು, ಗಾತ್ರ ಎಷ್ಟೇ ಇರಲಿ, ಪಕ್ಕಕ್ಕೆ ಸರಿಸಬಹುದು. 1999ರ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್‌ನ ಚೆಂಡು ಒಂದು ಬಂಡೆಯ ಹಿಂದೆ ನಿಂತಿತು. ಬಂಡೆಯ ತೂಕ ಸುಮಾರು 450 ಕಿಲೋ. ನಿಯಮಾಧಿಕಾರಿ ಬಂದು ನೋಡಿ, ಇದು ಬಿಡಿ ಕಲ್ಲೇ ಸರಿ ಎಂದರು. ಆಟ ನೋಡಲು ಬಂದಿದ್ದ ಜನರೇ ಕೈಹಾಕಿ ಅದನ್ನು ಉರುಳಿಸಿದರು. ಚಿತ್ರದುರ್ಗದಲ್ಲಿ ಈ ಉಪಾಯ ನಡೆಯಲಿಕ್ಕಿಲ್ಲ. ಇಲ್ಲಿನ ಬಂಡೆಗಳು ಹೈದರಾಲಿಯ ಫಿರಂಗಿಗೇ ಜಗ್ಗದವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ದುರ್ಗದ, ಹಿರಿಯೂರಿನ, ಹೊಳಲ್ಕೆರೆಯ ಹುಡುಗ ಹುಡುಗಿಯರಿಗೆ ಗಾಲ್ಫ್ ಆಡುವ ಆಸೆಯಾದರೆ ಬಸ್ಸು ಹತ್ತಬೇಕು. ಹೊಸದುರ್ಗದವರು ಕಡೂರು ದಾರಿ ಹಿಡಿದರೆ ಚಿಕ್ಕಮಗಳೂರು. ದುರ್ಗ, ಹಿರಿಯೂರಿನವರು ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಬೆಂಗಳೂರು. ಎರಡು ಕಡೆಯೂ ಚೆಂಡಿಗಿಂತ ಮೊದಲು ಕಣ್ಣು ಓಡುವಂಥ ಮೈದಾನಗಳಿವೆ. ಚಂದದ ಮೈದಾನವೇ ಕಷ್ಟದ ಮೈದಾನವೂ ಆಗಿರುವುದು ಈ ಆಟದ ಒಂದು ತಮಾಷೆ. ನೋಟಕ್ಕೆ ಇಂಬಾಗುವ ಇಳಿಜಾರು, ಕೆರೆ, ಮರದ ಸಾಲುಗಳೇ ಚೆಂಡು ನುಂಗುವ ಬಾಯಿಗಳು. ಹಾಗಾದರೆ ಸಾಧಾರಣ ಆಟಗಾರ ಅಲ್ಲಿಗೆ ಹೋಗಿ ಮಾಡುವುದೇನು? ಮಾಡಲು ಬೇಕಾದಷ್ಟಿದೆ. ಮೊದಲು ಮೈದಾನಗಳನ್ನು ನೋಡೋಣ.

*

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿ, ಊರಿನ ನಟ್ಟನಡುವೆ ಇದೆ. ವಿಧಾನಸೌಧಕ್ಕಿಂತ ಮುಕ್ಕಾಲು ಶತಮಾನಕ್ಕೂ ಹಳೆಯದು. ಭಾರತದಲ್ಲಿ ಅದಕ್ಕಿಂತ ಹಿರಿಯದು ಕಲ್ಕತ್ತೆಯ ಕ್ಲಬ್. ಅದರ ಹುಟ್ಟು 1829ರಲ್ಲಿ.

ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ, 1906ರಲ್ಲಿ, ಒಡೆಯರ ಆಳ್ವಿಕೆಯಲ್ಲೇ ಮೈಸೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿತು. ಇಂದು ಅದಕ್ಕೆ ಜಯಚಾಮರಾಜ ಒಡೆಯರ ಹೆಸರು. ಈ ಮೈದಾನ ಇರುವುದು ಚಾಮುಂಡಿ ಬೆಟ್ಟದ ಬುಡದಲ್ಲಿ, ಕುದುರೆ ರೇಸಿನ ಓಟಪಟ್ಟಿಯ ಒಳಗೆ! ಚೆಂಡು ಎತ್ತ ಹೋದರೂ ಬೆಟ್ಟ ಮಾತ್ರ ಕಣ್ಣ ಮುಂದೆಯೇ ಇರುತ್ತದೆ.

ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಹಳೆಯ ಚಲ್ಲಘಟ್ಟ ಕೆರೆಯಂಗಳದಲ್ಲಿ ಎದ್ದಿತು. ಅದರ ನಕ್ಷೆ ಹಾಕಿದವರಲ್ಲಿ ಮುಖ್ಯನಾದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದವನು: 1954, 1955, 1956, 1958 ಮತ್ತು 1965ರಲ್ಲಿ. ಕೆರೆಯಂಗಳವಾದ್ದರಿಂದ ನೀರು ಅಲ್ಲಿ ಇಂದಿಗೂ ತನ್ನ ಹಕ್ಕು ಬಿಟ್ಟಿಲ್ಲ. ಚೆಂಡು ಕಳೆದುಕೊಂಡವರನ್ನು ಕೇಳಿ.

ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಸೀಮೆಯಲ್ಲಿ 18 ಹೋಲ್‌ಗಳ ಮೈದಾನವಿದೆ. ಕೊಡಗಿನಲ್ಲಿ ಮಡಿಕೇರಿಯಲ್ಲೊಂದು, ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಲ್ಲೊಂದು. ಏರಿಳಿತ ಹೇಳತೀರದು. ನಂದಿಬೆಟ್ಟದ ತಪ್ಪಲಿನ ಗಾಲ್ಫ್‌ಶೈರ್ ಮೈದಾನದ ನಕ್ಷೆ ಅಮೆರಿಕದ ಪಿ.ಬಿ. ಡೈ ಅವರದು. ಇವರ ತಂದೆ ಪೀಟ್ ಡೈ ಫ್ಲಾರಿಡಾದಲ್ಲಿ ಕಟ್ಟಿದ ಟಿಪಿಸಿ ಸಾಗ್ರಾಸ್‌ನ 17ನೆಯ ಹೋಲ್ ಲೋಕಪ್ರಸಿದ್ಧ: ಸುತ್ತ ನೀರು, ನಡುವೆ ದ್ವೀಪದಂಥ ಗ್ರೀನ್, ಅಂದರೆ ಕುಳಿಯಿರುವ ನುಣ್ಣನೆಯ ಹುಲ್ಲುಹಾಸು. ಆ ಉಪಾಯ ಹೇಳಿಕೊಟ್ಟವಳು ಅವರ ಹೆಂಡತಿ ಆ್ಯಲಿಸ್. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಚೆಂಡುಗಳನ್ನು ಆ ನೀರಿನಿಂದ ಎತ್ತುತ್ತಾರಂತೆ. ಹೋಲಿನ ಉದ್ದ ಎಷ್ಟು? ಬರೀ 137 ಗಜದ ಆಸುಪಾಸು! ದೂರ ಹೆದರಿಸುವುದಕ್ಕಿಂತ ನೀರು ಹೆದರಿಸುವುದು ಹೆಚ್ಚು.

*

ಸಾಧಾರಣ ಆಟಗಾರ ಅಂದರೆ ಯಾರು? ಗಾಲ್ಫ್ ಇದಕ್ಕೂ ಲೆಕ್ಕ ಇಟ್ಟಿದೆ. ಮೈದಾನದ ಕಷ್ಟ ಅಳೆಯುವವರು ಒಬ್ಬ ಕಾಲ್ಪನಿಕ ‘ಬೋಗಿ ಆಟಗಾರ’ನನ್ನು ಇಟ್ಟುಕೊಂಡಿರುತ್ತಾರೆ. ಗಂಡಸಾದರೆ ಹ್ಯಾಂಡಿಕ್ಯಾಪ್, ಅಂದರೆ ಆಟಕ್ಕೆ ಸಿಗುವ ಹೊಡೆತಗಳ ವಿನಾಯಿತಿ, ಸುಮಾರು 20. ಹೋಲ್ ಶುರುವಾಗುವ ಜಾಗವಾದ ಟೀಯಿಂದ ಹೊಡೆದರೆ 200 ಗಜ ಹೋಗುತ್ತದೆ. 370 ಗಜದ ಹೋಲನ್ನು ಎರಡು ಹೊಡೆತದಲ್ಲಿ ಮುಟ್ಟುತ್ತಾನೆ. ಹೆಂಗಸಾದರೆ 150 ಗಜ ಮತ್ತು 280 ಗಜ. ಪಕ್ಕದಲ್ಲೇ ಒಬ್ಬ ಪಳಗಿದ ‘ಸ್ಕ್ರ್ಯಾಚ್ ಆಟಗಾರ’; ಅವನ ಹೊಡೆತ 250 ಗಜ. ಒಂದೇ ಮೈದಾನದಲ್ಲಿ ಇಬ್ಬರಿಗೂ ಎಷ್ಟೆಷ್ಟು ಹೊಡೆತ ಬೇಕಾದಾವು ಎಂದು ಅಳೆದು, ನಡುವಿನ ಅಂತರದಿಂದ ‘ಸ್ಲೋಪ್’ ಎಂಬ ಅಂಕ ತೆಗೆಯುತ್ತಾರೆ. ಕನಿಷ್ಠ 55, ಗರಿಷ್ಠ 155, ನಡುಮಟ್ಟಕ್ಕೆ 113.

ಇದರಲ್ಲಿ ಗಮನಿಸಬೇಕಾದ ಸಂಗತಿ: ಸ್ಲೋಪ್ ಜಾಸ್ತಿ ಇದೆ ಅಂದರೆ ಮೈದಾನ ಎಲ್ಲರಿಗೂ ಕಷ್ಟ ಎಂದಲ್ಲ. ಪಳಗಿದವನಿಗೆ ಹೋಲಿಸಿದರೆ ಸಾಧಾರಣದವನಿಗೆ ಹೆಚ್ಚು ಕಷ್ಟ ಎಂದರ್ಥ. ಅಂದರೆ ಈ ಅಂಕ ಇರುವುದೇ ನಮ್ಮಂಥವರಿಗಾಗಿ.

ಅಳೆಯಲು ಬಂದವರು ಮೈದಾನದ ಪ್ರತಿ ಹೋಲಿನಲ್ಲೂ ಹತ್ತು ಬಗೆಯ ಅಡ್ಡಿಗಳಿಗೆ ಅಂಕ ಕೊಡುತ್ತಾರೆ. ನೆಲದ ಏರುತಗ್ಗು, ಮರ, ಮರಳಗುಂಡಿ, ನೀರು, ಗ್ರೀನಿನ ಮೇಲ್ಮೈ ಹೀಗೆ. ಹತ್ತನೆಯದು ಯಾವುದು ಗೊತ್ತೇ? ಮನಸ್ಸು. ಉಳಿದ ಒಂಬತ್ತು ಅಡ್ಡಿಗಳನ್ನು ಒಟ್ಟಿಗೆ ಕಂಡಾಗ ಆಟಗಾರನ ಎದೆ ಎಷ್ಟು ನಡುಗುತ್ತದೆ ಎಂಬುದಕ್ಕೂ ಅಂಕವಿದೆ! ಬೇರೆ ಯಾವ ಕ್ರೀಡೆ ಆಟಗಾರನ ಪುಕ್ಕಲುತನವನ್ನು ಇಷ್ಟು ಮರ್ಯಾದೆಯಿಂದ ಲೆಕ್ಕಕ್ಕೆ ಹಿಡಿದಿದೆ?

ನಿಮ್ಮ ಹ್ಯಾಂಡಿಕ್ಯಾಪ್ 20 ಅಂತಿಟ್ಟುಕೊಳ್ಳಿ. ಸ್ಲೋಪ್ 113 ಇರುವ ಮೈದಾನದಲ್ಲಿ ನಿಮಗೆ ಸಿಗುವ ವಿನಾಯಿತಿ 20 ಹೊಡೆತ. ಸ್ಲೋಪ್ 135 ಇರುವ ಕಡೆ 24. ಸ್ಲೋಪ್ 100 ಇದ್ದರೆ 18. ಪಾರ್‌ಗೂ (ಮೈದಾನ ಮುಗಿಸಲು ನಿಗದಿಯಾದ ಹೊಡೆತ) ಮೈದಾನದ ರೇಟಿಂಗ್‌ಗೂ ಇರುವ ವ್ಯತ್ಯಾಸವನ್ನು ಮೇಲೆ ಕೂಡಿಸುತ್ತಾರೆ ಇಲ್ಲವೇ ಕಳೆಯುತ್ತಾರೆ, ಅದು ಬೇರೆ ಮಾತು. ಕಷ್ಟದ ಮೈದಾನಕ್ಕೆ ಹೋದಷ್ಟೂ ಕೈಗೆ ಹೆಚ್ಚು ಹೊಡೆತ ಕೊಟ್ಟು ಕಳಿಸುತ್ತಾರೆ, ಅಷ್ಟು ಗೊತ್ತಿದ್ದರೆ ಸಾಕು.

ಹ್ಯಾಂಡಿಕ್ಯಾಪ್ ನಿಮ್ಮ ಸರಾಸರಿ ಆಟವಲ್ಲ. ಕಡೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿ. ಆದ್ದರಿಂದ ‘ನನ್ನ ಹ್ಯಾಂಡಿಕ್ಯಾಪಿಗೆ ತಕ್ಕ ಆಟ ಬರುತ್ತಲೇ ಇಲ್ಲ’ ಎಂದು ಗೋಳಾಡುವವರ ಆಟದಲ್ಲಿ ದೋಷವಿಲ್ಲ. ಬರಬಾರದು ಎಂತಲೇ ಲೆಕ್ಕ ಇರುವುದು.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗರಿಷ್ಠ ಮಿತಿ 54. ಗಂಡಸರಿಗೂ ಹೆಂಗಸರಿಗೂ ಒಂದೇ. ಅಂದರೆ ಒಂದೊಂದು ಹೋಲಿಗೆ ಮೂರು ಮೂರು ಹೊಡೆತ ಹೆಚ್ಚು ತೆಗೆದುಕೊಂಡರೂ ನೀವು ಲೆಕ್ಕದೊಳಗಿನ ಆಟಗಾರರೇ.

ಒಂದು ಹೋಲಿನಲ್ಲಿ ಎಡವಿ 12 ಹೊಡೆತ ಆಯಿತೆನ್ನಿ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅಷ್ಟೂ ಸೇರುವುದಿಲ್ಲ. ಪಾರ್, ಅದರ ಮೇಲೆ ಎರಡು, ಅದರ ಮೇಲೆ ಆ ಹೋಲಿನಲ್ಲಿ ನಿಮಗೆ ಸಿಗಬೇಕಾದ ವಿನಾಯಿತಿ, ಅಲ್ಲಿಗೆ ನಿಲ್ಲಿಸುತ್ತಾರೆ.

ಇದಕ್ಕಿಂತ ದೊಡ್ಡ ಉಪಕಾರ ಮಾಡಿದವನು ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್. ಗಾಳಿ ಬೀಸುವ ದಿನ ಮೊದಲ ಎರಡು ಹೋಲಿನಲ್ಲೇ ಆಟ ಕೆಟ್ಟು ಜನ ಮನೆಗೆ ಹೊರಟುಬಿಡುವುದನ್ನು ಕಂಡು, ಹೊಡೆತ ಎಣಿಸುವುದನ್ನು ಬಿಟ್ಟು ಪಾಯಿಂಟ್ ಎಣಿಸುವ ಪದ್ಧತಿ ತಂದ. 1932ರಲ್ಲಿ ಲಿವರ್‌ಪೂಲ್ ಹತ್ತಿರದ ವಾಲಸಿ ಕ್ಲಬ್‌ನಲ್ಲಿ ಅದು ಆಟಕ್ಕೆ ಬಂತು. ವಿನಾಯಿತಿ ಕಳೆದು ಪಾರ್ ಬಂದರೆ 2 ಪಾಯಿಂಟ್, ಒಂದು ಹೆಚ್ಚಾದರೆ 1, ಅದಕ್ಕೂ ಹೆಚ್ಚಾದರೆ ಸೊನ್ನೆ. ಸೊನ್ನೆಯಾಯಿತೆಂದು ಖಚಿತವಾದೊಡನೆ ಚೆಂಡು ಎತ್ತಿ ಜೇಬಿಗೆ ಹಾಕಿ, ಮುಂದಿನ ಹೋಲಿಗೆ ನಡೆಯಿರಿ. ಹೊಸಬರು ಕಷ್ಟದ ಮೈದಾನಕ್ಕೆ ಹೋಗುವುದಾದರೆ ಈ ಪದ್ಧತಿಯಲ್ಲೇ ಆಡಲಿ ಎಂದು ನನ್ನ ಮತ. ನೋಟಕ್ಕೂ ಸ್ವಲ್ಪ ಬಿಡುವು ಸಿಗುತ್ತದೆ.

ಮೈದಾನದಲ್ಲಿ ಬೇರೆ ಬೇರೆ ಬಣ್ಣದ ಟೀಗಳಿರುತ್ತವೆ. ಹಿಂದಿನದು ಬಲ್ಲವರಿಗೆ, ಮುಂದಿನದು ಕಿರಿಯರಿಗೆ, ಹಿರಿಯರಿಗೆ ಎಂಬ ಜಂಬ ನಮ್ಮಲ್ಲಿ ಹೆಚ್ಚು. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ ‘ಮುಂದಿನ ಟೀಯಿಂದ ಆಡಿ’ ಎಂದೇ ಚಳವಳಿ ಹೂಡಿದವು. ಬ್ರಿಟನ್ನಿನ ಸಾಧಾರಣ ಗಂಡಸು ಆಟಗಾರರ ಟೀ ಹೊಡೆತ ಸರಾಸರಿ 215 ಗಜದ ಸುತ್ತಮುತ್ತ ಎಂದು ಅಳೆದಿದ್ದಾರೆ. ಟೀವಿಯಲ್ಲಿ ಕಾಣುವ ವೃತ್ತಿಪರರದು 290–300 ಗಜ. ಅವರ ಟೀಯಿಂದ ನಾವು ಆಡುವುದೆಂದರೆ ಊರಾಚೆಯಿಂದ ಊರೊಳಗೆ ಕಲ್ಲೆಸೆದಂತೆ.

ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಸರ್ಕಾರಿ ಮೈದಾನ. ಯಾರು ಬೇಕಾದರೂ ಆಡಬಹುದು. ಆದರೆ ಮೊದಲ ಟೀ ಬಳಿ ಒಂದು ಫಲಕ: ಇದು ಅತಿ ಕಠಿಣ ಮೈದಾನ, ಹೆಚ್ಚು ಪಳಗಿದವರು ಮಾತ್ರ ಆಡುವುದು ಒಳಿತು ಎಂಬರ್ಥದ ಎಚ್ಚರಿಕೆ. ಜನ ಆ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತಾರೆ!

*

ಈಗ ಗಾಳಿಯ ಕಥೆ. ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತದ್ದು ಸುಮ್ಮನೆ ಅಲ್ಲ. ಇಂಥ ಗಾಳಿ ಗಾಲ್ಫ್ ಚೆಂಡಿಗೆ ಮಾಡುವ ನ್ಯಾಯ ಒಂದೇ ಸಮನಲ್ಲ. ಎದುರುಗಾಳಿ ಕಿತ್ತುಕೊಳ್ಳುವಷ್ಟನ್ನು ಹಿಂಗಾಳಿ ಕೊಡುವುದಿಲ್ಲ. ಆಟಗಾರರ ಅಂದಾಜು ಲೆಕ್ಕ ಹೀಗಿದೆ: ಗಂಟೆಗೆ 16 ಕಿ.ಮೀ. ವೇಗದ ಎದುರುಗಾಳಿಗೆ ಶೇ 10ರಷ್ಟು ದೂರ ಖೋತಾ, ಅದೇ ವೇಗದ ಹಿಂಗಾಳಿಗೆ ಶೇ 5ರಷ್ಟೇ ಲಾಭ. 150 ಗಜದಾಚೆಯ ಗ್ರೀನ್ ಎದುರುಗಾಳಿಯಲ್ಲಿ 165 ಗಜವಾಗುತ್ತದೆ. ಹೊಸಬರು ಇಲ್ಲೇ ಜೋರಾಗಿ ಬೀಸಿ ಕೆಡುವುದು. ಜೋರು ಹೊಡೆದಷ್ಟೂ ಚೆಂಡಿನ ಹಿಂಸುತ್ತು ಹೆಚ್ಚಿ, ಅದು ಮೇಲೆದ್ದು ಗಾಳಿಗೆ ಸಿಕ್ಕುತ್ತದೆ. ದೊಡ್ಡ ಕ್ಲಬ್ ಹಿಡಿದು ಮೆಲ್ಲಗೆ ಹೊಡೆಯುವುದು ಬಲ್ಲವರ ದಾರಿ.

ಎತ್ತರ ಮಾತ್ರ ನಮ್ಮ ಪಕ್ಷ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಾಗ ಗಾಳಿ ತೆಳುವಾಗಿ ಚೆಂಡು ಸುಮಾರು ಶೇ 1ರಷ್ಟು ಹೆಚ್ಚು ದೂರ ಹೋಗುತ್ತದೆ. ಬೆಂಗಳೂರು 900 ಮೀಟರ್, ಮಡಿಕೇರಿ ಸಾವಿರದ ಮೇಲೆ. ಮಂಗಳೂರಿನ ಕಡಲತೀರದಲ್ಲಿ 200 ಗಜ ಹೊಡೆಯುವವರು ಬೆಂಗಳೂರಿಗೆ ಬಂದರೆ ಐದಾರು ಗಜ ಪುಕ್ಕಟೆ. ಮೆಕ್ಸಿಕೊ ನಗರದ ಎತ್ತರಕ್ಕೆ, 2,240 ಮೀಟರಿಗೆ, ಹೋದರೆ ವೃತ್ತಿಪರರೂ ತಮ್ಮ ದೂರದ ಪಟ್ಟಿಯನ್ನು ಹೊಸದಾಗಿ ಬರೆದುಕೊಳ್ಳಬೇಕು.

ಗಾಳಿ, ಎತ್ತರ ಎರಡೂ ಮೈದಾನದ ರೇಟಿಂಗ್ ಹಾಕುವಾಗ ಲೆಕ್ಕಕ್ಕೆ ಬರುತ್ತವೆ.

ಚೆಂಡಿನ ಮೈಮೇಲಿನ ಗುಳಿಗಳು ಅಂದಕ್ಕಲ್ಲ. 300ರಿಂದ 500 ಗುಳಿಗಳು ಚೆಂಡಿಗಂಟಿದ ಗಾಳಿಯ ಪದರವನ್ನು ಕಲಕಿ, ಹಿಂದೆ ಉಳಿಯುವ ಸುಳಿಯನ್ನು ಸಣ್ಣದು ಮಾಡುತ್ತವೆ. ಎಳೆತ ಅರ್ಧಕ್ಕರ್ಧ ಇಳಿಯುತ್ತದೆ. ನುಣುಪಾದ ಚೆಂಡು ಅದೇ ಹೊಡೆತಕ್ಕೆ ಅರ್ಧ ದೂರವನ್ನಷ್ಟೇ ಹೋದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಾಪರ್ಚಾ ಚೆಂಡು ಬಳಸುತ್ತಿದ್ದವರು ಹಳೆಯ, ಗಾಯವಾದ ಚೆಂಡೇ ನೆಟ್ಟಗೆ ಹಾರುವುದನ್ನು ಕಂಡು, ಹೊಸ ಚೆಂಡನ್ನೂ ಸುತ್ತಿಗೆಯಿಂದ ಕುಟ್ಟಿ ಗಾಯ ಮಾಡುತ್ತಿದ್ದರು.

ಗಾಳಿಯೇ ಇಲ್ಲದ ಕಡೆ? 1971ರ ಫೆಬ್ರುವರಿ 6ರಂದು ಅಪೊಲೊ 14ರ ಆ್ಯಲನ್ ಶೆಪರ್ಡ್ ಚಂದ್ರನ ಮೇಲೆ ಎರಡು ಚೆಂಡು ಹೊಡೆದ. ಮೈಲಿಗಟ್ಟಲೆ ಹೋಯಿತೆಂದು ಕೂಗಿದ. ಅರ್ಧ ಶತಮಾನದ ಮೇಲೆ ಹಳೆಯ ಚಿತ್ರಗಳನ್ನು ಶುದ್ಧಮಾಡಿ ಅಳೆದಾಗ ಎರಡನೆಯದು ಹೋದದ್ದು ಸುಮಾರು 40 ಗಜ ಎಂದು ಗೊತ್ತಾಯಿತು. ಬಿಗಿ ಅಂತರಿಕ್ಷ ಉಡುಪಿನಲ್ಲಿ ಒಂದೇ ಕೈಯಲ್ಲಿ ಹೊಡೆದವನ ಮೇಲೆ ಹೆಚ್ಚು ನಗಬಾರದು.

*

ದೂರ ಹೊಡೆಯದಿದ್ದರೆ ಗಾಲ್ಫ್ ಇಲ್ಲ ಅನ್ನುವವರಿಗೆ ಬೆಂಗಳೂರಿನ ಅದಿತಿ ಅಶೋಕ್ ಹೆಸರು ಹೇಳಿ. ಹುಟ್ಟಿದ್ದು 1998ರಲ್ಲಿ. ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಗಾಲ್ಫ್ ಅಭ್ಯಾಸದ ಮೈದಾನ ಕಾಣುತ್ತಿತ್ತು, ಅಲ್ಲಿಂದ ಶುರು. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದಾಗ 18 ವರ್ಷ, ಬ್ಯಾಗ್ ಹೊತ್ತವರು ಅಪ್ಪ. ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ಯಾಗ್ ಹೊತ್ತವರು ಅಮ್ಮ. ಆಗ ಅವಳ ವಿಶ್ವ ಶ್ರೇಯಾಂಕ 200. ಟೀ ಹೊಡೆತದ ದೂರದಲ್ಲಿ ಕಣದಲ್ಲಿದ್ದ 60 ಮಂದಿಯಲ್ಲಿ ತೀರಾ ಹಿಂದೆ. ಆದರೆ ಗ್ರೀನಿನ ಮೇಲೆ ಅವಳ ಪಟ್ಟರ್ ಸುಮ್ಮನಿರಲಿಲ್ಲ. ನಾಲ್ಕು ದಿನದ ಆಟ ಮುಗಿದಾಗ ಪಾರ್‌ಗಿಂತ 15 ಕಡಿಮೆ, ನಾಲ್ಕನೆಯ ಸ್ಥಾನ. ಬೆಳ್ಳಿ ಕಂಚುಗಳಿಗೆ ಸೆಣಸಿದವರದು 16 ಕಡಿಮೆ. ಒಂದೇ ಒಂದು ಹೊಡೆತದ ಅಂತರ! ಆ ಶನಿವಾರ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದ ಮನೆಗಳಲ್ಲೂ ಟೀವಿ ಮುಂದೆ ಜನ ಕೂತಿದ್ದರು. ಬರ್ಡಿ ಅಂದರೇನು ಎಂದು ಮಕ್ಕಳನ್ನು ಕೇಳಿ ತಿಳಿದುಕೊಂಡ ಅಜ್ಜಿಯರೂ ಇದ್ದಾರು.

ಪಾರ್ 72ರ ಮೈದಾನದಲ್ಲಿ 36 ಹೊಡೆತ ಪಟ್ಟಿಂಗ್‌ಗೆಂದೇ ಎಣಿಸಿಟ್ಟದ್ದು. ಅಂದರೆ ಅರ್ಧ.

ವೃತ್ತಿಪರರು ಎಷ್ಟು ದೂರದ ಪಟ್‌ಗಳಲ್ಲಿ ಅರ್ಧದಷ್ಟನ್ನು ಕುಳಿಗೆ ಹಾಕುತ್ತಾರೆ, ಊಹಿಸಿ. ಇಪ್ಪತ್ತು ಅಡಿ? ಅಲ್ಲ, ಎಂಟೇ ಅಡಿ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳನ್ನು ಜಾಲಾಡಿ ತೆಗೆದ ಲೆಕ್ಕ ಇದು. 90 ಹೊಡೆತದಲ್ಲಿ ಮುಗಿಸುವ ಸಾಧಾರಣ ಆಟಗಾರನ ಅರ್ಧ ಯಶಸ್ಸಿನ ದೂರ ಐದು ಅಡಿ. ನಡುವಿನ ವ್ಯತ್ಯಾಸ ಒಂದು ಗಜದಷ್ಟೇ! ಹಾಗಾದರೆ ಸೋಲುವುದೆಲ್ಲಿ? ಗ್ರೀನಿಗೆ ಬರುವ ಮೊದಲಿನ ಉದ್ದ ಹೊಡೆತಗಳಲ್ಲಿ ಎನ್ನುತ್ತಾರೆ ಬ್ರಾಡಿ. ಆರಡಿ ಪಟ್ ತಪ್ಪಿದ್ದಕ್ಕೆ ಇಡೀ ಸಂಜೆ ಕೊರಗುವ ಗೆಳೆಯರಿಗೆ ಇದನ್ನು ಓದಿ ಹೇಳಬಹುದು.

ಅದಿತಿ ಒಬ್ಬಳೇ ಅಲ್ಲ. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನವರು. ಅದಕ್ಕೆ ಮೊದಲು ಬೇರೆಯವರ ಬ್ಯಾಗ್ ಹೊರುವ ಕ್ಯಾಡಿಯಾಗಿದ್ದವರು. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ 2010ರಲ್ಲಿ ಅಖಿಲ ಭಾರತ ಅಮೆಚೂರ್ ಚಾಂಪಿಯನ್. ಮೈಸೂರಿನ ಆ ರೇಸ್‌ಕೋರ್ಸ್ ಒಳಗಿನ ಮೈದಾನದಲ್ಲಿ ಬೆಳೆದ ಪ್ರಣವಿ ಅರಸ್ ಇಂದು ಯುರೋಪಿನ ಟೂರ್‌ನಲ್ಲಿ ಆಡುತ್ತಾಳೆ. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 2022ರಲ್ಲಿ, ಮೇಲೆ ಹೇಳಿದ ದ್ವೀಪದ ಗ್ರೀನಿರುವ ಮೈದಾನದಲ್ಲೇ, ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದು ಹೊಡೆತದಿಂದ ಎರಡನೆಯವರಾದರು. ಕನ್ನಡ ನಾಡಿನ ಗಾಲ್ಫ್‌ಗೆ ಈ ಒಂದು ಹೊಡೆತದ ಕಾಟ ಇದ್ದೇ ಇದೆ.

*

ಗಣಪತಿಗೆ ಏರಿಸುವ ಗರಿಕೆ ಗೊತ್ತಲ್ಲ. ಬಿಸಿ ದೇಶಗಳ ಗಾಲ್ಫ್ ಮೈದಾನಗಳು ನಿಂತಿರುವುದು ಬಹುಪಾಲು ಅದರ ಮೇಲೆಯೇ! ‘ಬರ್ಮುಡಾ ಹುಲ್ಲು’ ಎಂದು ದುಬಾರಿ ಬೆಲೆಗೆ ಮಾರುವ ಹುಲ್ಲು ನಮ್ಮ ಗರಿಕೆಯೇ, ಇಲ್ಲವೇ ಅದನ್ನು ಆಫ್ರಿಕದ ದಾಯಾದಿ ಹುಲ್ಲಿನ ಜೊತೆ ಕೂಡಿಸಿ ಮಾಡಿದ ಮಿಶ್ರತಳಿ. ಹೊಲದಲ್ಲಿ ಕಿತ್ತಷ್ಟೂ ಚಿಗುರಿ ರೈತನ ಪ್ರಾಣ ತಿನ್ನುವ ಗುಣವೇ ಅಲ್ಲಿ ಬೇಕಾದ ಗುಣ: ತುಳಿದರೂ, ಮೂರು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೂ ಸಾಯುವುದಿಲ್ಲ.

ಮರಳಗುಂಡಿಗಳನ್ನು ಮೊದಲು ತೋಡಿದವರು ಯಾರು? ಕುರಿಗಳು ಎನ್ನುವುದು ಸ್ಕಾಟ್ಲೆಂಡಿನ ಹಳೆಯ ನಂಬಿಕೆ. ಕಡಲತೀರದ ಮರಳುನೆಲದಲ್ಲಿ ಚಳಿಗಾಳಿಗೆ ಬೆನ್ನುಕೊಟ್ಟು ಮಲಗಲು ಕುರಿಗಳು ಮಾಡಿಕೊಂಡ ತಗ್ಗುಗಳೇ ಮುಂದೆ ಬಂಕರ್‌ಗಳಾದವು. ಹುಲ್ಲು ಕತ್ತರಿಸುವ ಯಂತ್ರ ಬರುವ ಮುಂಚೆ ಮೈದಾನ ಸಮ ಮಾಡುತ್ತಿದ್ದವೂ ಅವೇ. ಕುರಿ ಮಂದೆ, ಕಂಬಳಿ, ಅಮೃತಮಹಲ್ ಕಾವಲುಗಳ ನಮ್ಮ ಜಿಲ್ಲೆಗೆ ಈ ಆಟದ ಹುಟ್ಟೂರು ಅಷ್ಟೇನೂ ಪರಕೀಯವಲ್ಲ. ಕುರಿ ಕಾಯುತ್ತ ಕೋಲಿನಿಂದ ಕಲ್ಲು ಹೊಡೆಯದ ಹುಡುಗರು ಯಾವ ದೇಶದಲ್ಲೂ ಇರಲಿಕ್ಕಿಲ್ಲ.

ಹಾಗಾದರೆ ದುರ್ಗದಲ್ಲೊಂದು ಮೈದಾನ ಯಾಕಾಗಬಾರದು? ಬಂಡೆಗಳ ನೋಟವಿದೆ, ಗಾಳಿಯಿದೆ, ಕಷ್ಟವಂತೂ ಇದ್ದೇ ಇದೆ. ನೀರು? ಬಿಸಿಲುಸೀಮೆಯಲ್ಲಿ 18 ಹೋಲ್‌ಗಳ ಹುಲ್ಲು ಹಸಿರಾಗಿರಲು ದಿನಕ್ಕೆ ಹತ್ತಾರು ಲಕ್ಷ ಲೀಟರ್ ಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಜಿಲ್ಲೆ ಇದು. ಭದ್ರಾ ಮೇಲ್ದಂಡೆಯ ನೀರಿಗೆ ಇನ್ನೂ ಕಾಯುತ್ತಿರುವ ತೋಟಗಳಿರುವಾಗ ಗ್ರೀನಿಗೆ ನೀರು ಹಾಯಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಹುಲ್ಲಿಲ್ಲದೆಯೂ ಗಾಲ್ಫ್ ಉಂಟು! ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬುದು ಓಪಲ್ ಕಲ್ಲು ತೆಗೆಯುವ ಊರು. ಸುಡುಬಿಸಿಲಿಗೆ ಜನ ನೆಲದೊಳಗೆ ಮನೆ ಕೊರೆದುಕೊಂಡು ಇರುತ್ತಾರೆ. ಅಲ್ಲಿನ ಮೈದಾನದಲ್ಲಿ ಒಂದು ಎಸಳು ಹುಲ್ಲಿಲ್ಲ. ಆಟಗಾರರು ಅಂಗೈಯಗಲದ ಕೃತಕ ಹುಲ್ಲಿನ ತುಂಡನ್ನು ಕೈಯಲ್ಲೇ ಹಿಡಿದು ನಡೆಯುತ್ತಾರೆ. ಚೆಂಡು ನಿಂತಲ್ಲಿ ತುಂಡು ಹಾಸಿ, ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಗ್ರೀನಿನ ಬದಲು ಎಣ್ಣೆ ಬೆರೆಸಿ ಸಮ ಮಾಡಿದ ಮರಳು. ಬೇಸಿಗೆಯಲ್ಲಿ ರಾತ್ರಿ ಹೊತ್ತು, ಮಿನುಗುವ ಚೆಂಡಿನಲ್ಲಿ ಆಟ. ಈ ಬೋಳು ಮೈದಾನಕ್ಕೂ ಗಾಲ್ಫ್‌ನ ಕಾಶಿಯೆನಿಸಿದ ಸೇಂಟ್ ಆಂಡ್ರ್ಯೂಸ್‌ಗೂ ಪರಸ್ಪರ ಆಟದ ಒಪ್ಪಂದವಿದೆ.

ಎಣ್ಣೆಮರಳು ಬಡವರ ಉಪಾಯವಷ್ಟೇ ಅಂದುಕೊಳ್ಳಬೇಡಿ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ನಂ. 2 ಮೈದಾನದಲ್ಲೂ 1930ರ ದಶಕದ ನಡುವಿನವರೆಗೆ ಮರಳ ಗ್ರೀನುಗಳೇ ಇದ್ದವು.

ಅದೇ ಆಸ್ಟ್ರೇಲಿಯಾದಲ್ಲಿ ‘ನಲ್ಲಾರ್‌ಬೋರ್ ಲಿಂಕ್ಸ್’ ಎಂಬ ಇನ್ನೊಂದಿದೆ. 2009ರಲ್ಲಿ ಶುರುವಾಯಿತು. 18 ಹೋಲ್‌ಗಳು, ಉದ್ದ 1,365 ಕಿಲೋಮೀಟರ್! ಚಿನ್ನದ ಗಣಿಯ ಊರು ಕಾಲ್ಗೂರ್ಲಿಯಿಂದ ಸೆಡೂನಾವರೆಗೆ ಹೆದ್ದಾರಿಯ ಊರೂರಿಗೆ ಒಂದೊಂದು ಹೋಲ್. ಒಂದು ಆಡುವುದು, ಕಾರು ಹತ್ತುವುದು, ಮುಂದಿನ ಊರಿನಲ್ಲಿ ಚಹಾ ಕುಡಿದು ಇನ್ನೊಂದು ಆಡುವುದು. ಚಾಲಕರು ನಿದ್ದೆಗೆ ಜಾರದಿರಲಿ, ಊರುಗಳಿಗೆ ನಾಲ್ಕು ಕಾಸು ಬರಲಿ ಎಂಬುದು ಲೆಕ್ಕಾಚಾರ. ನಮ್ಮ 48ನೇ ಹೆದ್ದಾರಿಗೆ ಇದನ್ನು ಹಚ್ಚಿದರೆ ಹಿರಿಯೂರಿಗೊಂದು, ಐಮಂಗಲಕ್ಕೊಂದು, ದುರ್ಗಕ್ಕೊಂದು, ಭರಮಸಾಗರಕ್ಕೊಂದು ಹೋಲ್ ಬಂದೀತು. ಗಾಳಿ ಅಳೆಯಲು ಗಾಳಿಯಂತ್ರಗಳು ಹೇಗೂ ಇವೆ.

*

ಇನ್ನು ಕೆಲವು, ಬೇಗ ಬೇಗ.

ಕುಳಿಯ ಅಗಲ 108 ಮಿಲಿಮೀಟರ್. 1891ರಿಂದ ಲೋಕಕ್ಕೆಲ್ಲ ಒಂದೇ ಅಳತೆ.

ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ಅಡ್ಡಳತೆ 42.67 ಮಿಲಿಮೀಟರಿಗೆ ಕಡಿಮೆ ಇರಬಾರದು. ಇದಕ್ಕಿಂತ ದೊಡ್ಡ ಚೆಂಡಿನಲ್ಲಿ ಆಡಲು ಅಡ್ಡಿಯಿಲ್ಲ, ಲಾಭವೂ ಇಲ್ಲ.

ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದು. ಕಡಿಮೆ ಇದ್ದರೆ ಯಾರೂ ಕೇಳುವುದಿಲ್ಲ. ಹೊಸಬರಿಗೆ ಏಳು ಸಾಕು.

ಸೇಂಟ್ ಆಂಡ್ರ್ಯೂಸ್‌ನಲ್ಲಿ ಮೊದಲು ಒಂದು ಸುತ್ತಿಗೆ 22 ಹೋಲ್. 1764ರಲ್ಲಿ ನಾಲ್ಕು ಸಣ್ಣ ಹೋಲ್‌ಗಳನ್ನು ಎರಡು ಮಾಡಿದರು. ಹೋಗುವಾಗಲೂ ಬರುವಾಗಲೂ ಅವನ್ನೇ ಆಡುತ್ತಿದ್ದರಿಂದ 22 ಇದ್ದದ್ದು 18 ಆಯಿತು.

ಆ ಹಳೆಯ ಮೈದಾನ ಸಾರ್ವಜನಿಕರದು. ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಊರಿನವರು ನಾಯಿ ಕರೆದುಕೊಂಡು ಅದರ ಮೇಲೆ ಅಡ್ಡಾಡುತ್ತಾರೆ.

ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಅಷ್ಟೇ. 2019ಕ್ಕೆ ಮುಂಚೆ ಐದು ನಿಮಿಷ ಇತ್ತು.

ನಿಂತಿದ್ದ ಚೆಂಡನ್ನು ಕಾಗೆಯೋ ಕೋತಿಯೋ ಎತ್ತಿಕೊಂಡು ಹೋದರೆ ದಂಡವಿಲ್ಲ. ಅದು ಇದ್ದ ಜಾಗದಲ್ಲಿ ಇನ್ನೊಂದು ಇಟ್ಟು ಆಡಿ. ಕೋಟೆಯ ಕೋತಿಗಳನ್ನು ಬಲ್ಲವರು ಚೆಂಡು ಜಾಸ್ತಿ ಇಟ್ಟುಕೊಳ್ಳುತ್ತಾರೆ.

18 ಹೋಲ್ ಮುಗಿಯುವಾಗ ಎಂಟರಿಂದ ಹತ್ತು ಕಿಲೋಮೀಟರ್ ನಡೆದಿರುತ್ತೀರಿ. ಕೊಡಗಿನಂಥ ಕಡೆ ಅದರಲ್ಲಿ ಅರ್ಧ ಏರು. ಏಳುಸುತ್ತಿನ ಕೋಟೆ ಹತ್ತಿ ಇಳಿದ ಕಾಲುಗಳಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಕೋಟೆಗೆ ಯಾರೂ ಬ್ಯಾಗ್ ಹೊತ್ತು ಹೋಗುವುದಿಲ್ಲ.

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್ ಗೆದ್ದ ಮಾರ್ಗರೆಟ್ ಆ್ಯಬಟ್‌ಗೆ ತಾನು ಗೆದ್ದದ್ದು ಒಲಿಂಪಿಕ್ಸ್ ಎಂದು ಸಾಯುವವರೆಗೂ ಗೊತ್ತಾಗಲಿಲ್ಲ. ಏನೋ ಒಂದು ಪಂದ್ಯ ಎಂದುಕೊಂಡೇ ಆಡಿ ಬಂದಿದ್ದಳು. 1904ರ ನಂತರ ಒಲಿಂಪಿಕ್ಸ್‌ನಿಂದ ಮರೆಯಾದ ಗಾಲ್ಫ್ ಮರಳಿದ್ದು 112 ವರ್ಷಗಳ ಮೇಲೆ, ಅದಿತಿ ಆಡಿದ ರಿಯೊದಲ್ಲಿ.

ಟೀಯಿಂದ ಹೊಡೆದ ಚೆಂಡು ಒಂದೇ ಏಟಿಗೆ ಕುಳಿಗೆ ಬೀಳುವ ‘ಹೋಲ್ ಇನ್ ಒನ್’ ಸಾಧಾರಣ ಆಟಗಾರನಿಗೆ ಒದಗುವ ಸಂಭವ 12,500ಕ್ಕೆ ಒಂದು ಎಂದು ಲೆಕ್ಕ ಹಾಕಿದ್ದಾರೆ. ವೃತ್ತಿಪರನಿಗೂ 2,500ಕ್ಕೆ ಒಂದೇ. ಬಿದ್ದರೆ ಕ್ಲಬ್‌ನಲ್ಲಿದ್ದವರಿಗೆಲ್ಲ ಹೊಡೆದವರೇ ಔತಣ ಕೊಡಬೇಕೆಂಬುದು ವಾಡಿಕೆ. ಜಪಾನಿನಲ್ಲಿ ಈ ಔತಣ, ಉಡುಗೊರೆಗಳ ಖರ್ಚು ಲಕ್ಷಗಟ್ಟಲೆ ರೂಪಾಯಿಗೆ ಏರುವುದರಿಂದ ಆಟಗಾರರು ಮೊದಲೇ ವಿಮೆ ಮಾಡಿಸಿಕೊಳ್ಳುತ್ತಾರೆ. ಇನ್ಷೂರೆನ್ಸ್ ಕಂಪನಿಗೆ ಸಾಕ್ಷಿ ಬೇಕು. ಯಾರೂ ನೋಡದಿದ್ದಾಗ ಚೆಂಡು ಬಿದ್ದರೆ ದುಡ್ಡು ಸಿಗುವುದಿಲ್ಲ.